ಚಿಗವ್ವನ ತೋರುಬೆರಳು

ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಬೇಕಾಗಿದ್ದ ಮುಖ್ಯ ಸಾಮಾನು ಎಂದರೆ ಬಾಗಿಲಿಗೆ ಬಣ್ಣ ಬಳಿಯುವ ಬ್ರಷ್ಷು. ಸ್ಕ್ರೂ ಬಿಚ್ಚಿ ಡಬ್ಬಿ ತೆರೆದರೆ ಒಳಗೆ ಅದಿರಿನ ಧೂಳು ಕುಂಕುಮದ ಭರಣಿ ತೆರೆದ ಹಾಗೆ ಕೂತಿರುತ್ತಿತ್ತು. ಬೆಳ್ಳಗಿನ ಕಂಪ್ಯೂಟರ್ ಕೊಂಡುಹೋದವರು ಆರು ತಿಂಗಳಿಗೆ ಕಾವಿ ಬಣ್ಣದ ಕಂಪ್ಯೂಟರ್ ಹೊತ್ತುಕೊಂಡು ಬರುತ್ತಿದ್ದರು. ‘ಸನ್ಯಾಸ ಕೊಡಿಸಿಕೊಂಡು ಬಂದ್ರೇನ್ರಿ’ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದೆ. ಆಮೇಲೆ ತಮಾಷೆಯೂ ಬೇಜಾರಾಯಿತು. ಉಜ್ಜುವುದು, ಸೀನುವುದು, ಮತ್ತೆ ಉಜ್ಜುವುದು. ಮೂವತ್ತು ತುಂಬುವುದರೊಳಗೆ ನನಗೆ ಅರವತ್ತರ ಸುಸ್ತು ಬಂದಿತ್ತು.

ಊರಿನ ಕೆಲಸದ ಜೊತೆಗೆ ಸಂಡೂರಿನ ದಾರಿಯಲ್ಲಿದ್ದ ಕೆಲವು ಅದಿರಿನ ಪ್ಲಾಟುಗಳ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತಿದ್ದೆ. ಪ್ಲಾಟು ಎಂದರೆ ದೊಡ್ಡ ಬಯಲು. ಗಣಿಯಿಂದ ಬಂದ ಅದಿರನ್ನು ಅಲ್ಲಿ ಗುಡ್ಡೆ ಹಾಕಿ, ಒಡೆದು, ಜರಡಿ ಹಿಡಿದು, ಮತ್ತೆ ಲಾರಿಗೆ ತುಂಬಿ ಕಳಿಸುತ್ತಿದ್ದರು. ಬಸ್ಸಿನಲ್ಲಿ ಹೋದರೆ ಅರ್ಧ ದಾರಿಯಲ್ಲಿ ಲಾರಿಗಳ ಸಾಲು ಸಿಗುತ್ತಿತ್ತು. ಸಾಲಿನ ತುದಿ ಎಲ್ಲಿದೆ ಎಂದು ಇಣುಕಿ ನೋಡುವ ಉತ್ಸಾಹವನ್ನು ಬಸ್ಸಿನವರು ಎಂದೋ ಬಿಟ್ಟಿದ್ದರು. ಎಲ್ಲರೂ ಮೂಗಿಗೆ ಟವೆಲ್ ಸುತ್ತಿಕೊಂಡು ನಿದ್ದೆ ಮಾಡುತ್ತಿದ್ದೆವು.

ಆ ಪ್ಲಾಟುಗಳಲ್ಲೊಂದರಲ್ಲಿ ಚಿಗವ್ವ ಕೆಲಸ ಮಾಡುತ್ತಿದ್ದಳು. ಅವ್ವನ ತಂಗಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳ ತವರು ಕಂಪ್ಲಿ, ಕೊಟ್ಟದ್ದು ಚೋರನೂರಿನ ಕಡೆಗೆ. ಅಲ್ಲಿದ್ದ ತುಂಡು ಹೊಲ ಅವಳ ಗಂಡನ ಕೈಯಲ್ಲೇ ಹೋಯಿತು. ಲಾರಿ ಓಡಾಡಲು ದಾರಿ ಬಿಡಿ ಎಂದು ಬಂದವರ ಕಾಗದಕ್ಕೆ ಆತ ಹೆಬ್ಬೆಟ್ಟು ಒತ್ತಿದ. ದಾರಿಗೆಂದು ಒತ್ತಿದ ಹೆಬ್ಬೆಟ್ಟಿಗೆ ಹೊಲವೇ ಹೊರಟುಹೋಯಿತು. ಆತ ಸತ್ತ ಮೇಲೆ ಅವಳು ಪ್ಲಾಟಿಗೆ ಬಂದು ಸುತ್ತಿಗೆ ಹಿಡಿದಳು. ಆದರೆ ಅವಳು ಏಳನೆಯ ತರಗತಿಯವರೆಗೆ ಓದಿದವಳು. ಪಗಾರದ ದಿನ ಎಲ್ಲರೂ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುವಾಗ ಇವಳು ಪೆನ್ನು ಕೇಳುತ್ತಿದ್ದಳು. ಅವಳ ಸಹಿಗೆ ಒಂದು ಬಾಲವೂ ಇತ್ತು, ಅದನ್ನು ಬಹಳ ಹೊತ್ತು ಎಳೆಯುತ್ತಿದ್ದಳು.

ಅವಳ ಕೈಯ ನೆನಪು ನನಗೆ ಚೆನ್ನಾಗಿದೆ. ಹೈಸ್ಕೂಲಿಗೆ ಹೋಗುವಾಗ ಅಂಗಿಯ ಕಾಲರು ಸರಿಮಾಡಲು ಬಂದರೆ ಬೆರಳು ಬಟ್ಟೆಯ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ಕೆನ್ನೆ ಸವರಿದರೆ ಉರಿಯುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದೆ. ಅವಳು ನಕ್ಕು ಸೆರಗಿನ ತುದಿಯಿಂದ ಸವರುತ್ತಿದ್ದಳು.

ಆ ವರ್ಷ ಅವಳ ಕೆಮ್ಮು ಜೋರಾಯಿತು. ದವಾಖಾನೆಯಲ್ಲಿ ಎದೆಗೆ ಕೊಳವೆ ಇಟ್ಟು ಕೇಳಿದ ಡಾಕ್ಟರು ಧೂಳಿನಲ್ಲಿ ಇನ್ನು ಕೆಲಸ ಮಾಡಕೂಡದು ಎಂದರು. ಸಂಡೂರಿನ ದಾರಿಯಲ್ಲಿ ನಿಂತು ಧೂಳಿನಿಂದ ದೂರ ಇರು ಅಂದರೆ ಎಲ್ಲಿಗೆ ಹೋಗಬೇಕು? ಧೂಳು ಕಡಿಮೆ ಇದ್ದ ಜಾಗ ಆ ಪ್ಲಾಟಿನಲ್ಲಿ ಒಂದೇ ಇತ್ತು. ಗೇಟಿನ ಬಳಿಯ ವೇಬ್ರಿಡ್ಜಿನ ಕ್ಯಾಬಿನ್. ಲಾರಿ ನಿಲ್ಲಿಸಿ ತೂಕ ಹಾಕುವ ಕಟ್ಟೆ, ಅಲ್ಲಿಯವರ ಬಾಯಲ್ಲಿ ‘ಕಾಟಾ’, ಅದರ ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ, ಒಳಗೆ ಫ್ಯಾನು. ಅಲ್ಲಿ ಕೂರುತ್ತಿದ್ದ ಹುಡುಗ ಬೇರೆ ಪ್ಲಾಟಿಗೆ ಹೋಗಿದ್ದ. ಚಿಗವ್ವ ಸುಮ್ಮನೆ ಹೋಗಿ ಸೂಪರ್‌ವೈಸರನ್ನು ಕೇಳಿಬಿಟ್ಟಳು. ಅವಳಿಗೆ ಅಂಕಿ ಓದಲು ಬರುತ್ತದೆ, ಲಾರಿಯ ನಂಬರನ್ನು ಅಷ್ಟು ದೂರದಿಂದಲೇ ಹೇಳುತ್ತಾಳೆ ಎಂಬುದು ಆತನಿಗೂ ಗೊತ್ತಿತ್ತು.

“ಕುಂದ್ರಬೇ, ನೋಡೂಣು. ಕಂಪ್ಯೂಟರ್ ಕೈಗೆ ಹತ್ತಿದ್ರ ನಿನ್ನ ಹಣೆಬಾರ, ಹತ್ತಲಿಲ್ಲಂದ್ರ ನಿನ್ನ ಸುತ್ತಿಗಿ ಎಲ್ಲೂ ಹೋಗಿಲ್ಲ” ಎಂದನಂತೆ.

ಕೆಲಸ ದೊಡ್ಡದೇನಲ್ಲ. ಲಾರಿ ಕಟ್ಟೆಯ ಮೇಲೆ ಬಂದು ನಿಂತರೆ ತೂಕ ಪರದೆಯ ಮೇಲೆ ಬರುತ್ತದೆ. ಪಟ್ಟಿಯಲ್ಲಿ ಲಾರಿಯ ನಂಬರು ಆರಿಸಿ ಒಂದು ಗುಂಡಿ ಒತ್ತಬೇಕು, ಚೀಟಿ ಹೊರಬರುತ್ತದೆ. ತೂಕದ ಯಂತ್ರ ಕೂರಿಸಿದವರೇ ಕೊಟ್ಟ ಆ ಪ್ರೋಗ್ರಾಮಿನಲ್ಲಿ ಎಲ್ಲವನ್ನೂ ಪರದೆಯ ಮೇಲೆ ಓಡುವ ಬಾಣದ ಗುರುತಿನಿಂದಲೇ ಒತ್ತಬೇಕಿತ್ತು. ಕೀಲಿಮಣೆಯಿಂದ ಆಗುತ್ತಿರಲಿಲ್ಲ. ಮೌಸ್ ಇಟ್ಟು ನೋಡಿದ್ದೆವು. ಒಳಗೆ ಗುಂಡು ಇರುವ ಮೌಸು ವಾರಕ್ಕೆಲ್ಲ ಧೂಳು ತಿಂದು ಸಾಯುತ್ತಿತ್ತು. ಕೆಂಪು ಬೆಳಕಿನ ಹೊಸ ಮೌಸು ತಂದರೆ, ತುಂಬಿದ ಲಾರಿ ಬಂದಾಗ ಮೇಜು ನಡುಗಿ ಬಾಣ ತಾನೇ ತಾನಾಗಿ ಊರು ಸುತ್ತುತ್ತಿತ್ತು. ಕೊನೆಗೆ ಉಳಿದದ್ದು ಲ್ಯಾಪ್‌ಟಾಪು. ಕರೆಂಟು ಹೋದರೂ ಬ್ಯಾಟರಿ ಇರುತ್ತದೆ, ಬಾಣ ಓಡಿಸಲು ಕೀಲಿಮಣೆಯ ಕೆಳಗೆ ಬೆರಳಾಡಿಸುವ ಟಚ್‌ಪ್ಯಾಡು ಇರುತ್ತದೆ. ಅದರಲ್ಲಿ ವೈರಸ್ ಸುಲಭಕ್ಕೆ ಹತ್ತದ ಲಿನಕ್ಸ್ ಎಂಬ ಸಿಸ್ಟಂ ಹಾಕಿಕೊಟ್ಟವನು ನಾನೇ. ಲಾರಿ ಆಫೀಸಿನವರು ತರುತ್ತಿದ್ದ ಪೆನ್‌ಡ್ರೈವುಗಳ ವೈರಸ್ ತೆಗೆದೂ ತೆಗೆದೂ ನನಗೆ ಸಾಕಾಗಿತ್ತು.

ಚಿಗವ್ವ ಮೊದಲ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮಡಿಕೆಯ ಗೆರೆ ಮಾಸದ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಕಲಿಸಲು ನಾನು ಹೋಗಿದ್ದೆ. ನಾನು ಬೆರಳಾಡಿಸಿ ತೋರಿಸಿದೆ, ಬಾಣ ಓಡಿತು. ಸೂಪರ್‌ವೈಸರ್ ಬೆರಳಾಡಿಸಿದ, ಓಡಿತು. ಚಿಗವ್ವ ಬೆರಳಿಟ್ಟಳು. ಬಾಣ ಅಲ್ಲಾಡಲಿಲ್ಲ.

“ಹೆದರಬ್ಯಾಡ, ಗಟ್ಟಿ ಇಡು” ಅಂದೆ.

ಗಟ್ಟಿಯಾಗಿ ಇಟ್ಟಳು. ಮೆತ್ತಗೆ ಇಟ್ಟಳು. ಎಡಗೈ ಬೆರಳು ಇಟ್ಟಳು. ಒಮ್ಮೆ ಬಾಣ ಸ್ವಲ್ಪ ಜರುಗಿ ಮತ್ತೆ ಮಲಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸೂಪರ್‌ವೈಸರ್ ನಗುತ್ತಾ ಹೊರಗೆ ಹೋದ. ಚಿಗವ್ವ ನಗಲಿಲ್ಲ.

“ಇದಕ್ಕ ನನ್ನ ಗುರುತಾ ಸಿಗವಲ್ದಲ್ಲೋ ತಮ್ಮಾ” ಎಂದಳು.

ಅವಳು ಹೆದರಿದ್ದಾಳೆ ಎಂದೇ ನಾನು ತಿಳಿದೆ. ಅಭ್ಯಾಸ ಮಾಡಿದರೆ ಬರುತ್ತದೆ ಎಂದು ಹೇಳಿ ಬಸ್ಸು ಹತ್ತಿದೆ. ಎಲ್ಲರಿಗೂ ಹೇಳುವ ಮಾತೇ ಅದು.

ಮರುದಿನ ಅವಳೇ ಒಂದು ಉಪಾಯ ಹುಡುಕಿಕೊಂಡಿದ್ದಳು. ನಮ್ಮ ಕಡೆಯ ಹೆಂಗಸರು ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಂಡಿರುತ್ತಾರೆ. ಹಿಟ್ಟು ಕೈಮಾತು ಕೇಳದಿದ್ದರೆ ಬಟ್ಟಲಲ್ಲಿ ಬೆರಳು ಅದ್ದುತ್ತಾರೆ. ಚಿಗವ್ವ ಕ್ಯಾಬಿನ್ನಿಗೂ ಬಟ್ಟಲು ತಂದಳು. ಬೆರಳು ಅದ್ದಿ ಇಟ್ಟರೆ ಬಾಣ ಓಡಿತು! ಬೆಳಗಿನ ಹೊತ್ತು ಎಲ್ಲ ಸರಿಯಾಗಿತ್ತಂತೆ. ಲಾರಿ ಬರುವುದು, ಬೆರಳು ಅದ್ದುವುದು, ಚೀಟಿ ಕೊಡುವುದು. ಮಧ್ಯಾಹ್ನದ ಹೊತ್ತಿಗೆ ಆ ನೀರಿಗೆ ಧೂಳು ಕೂತು ಟಚ್‌ಪ್ಯಾಡಿನ ಮೇಲೆ ಕೆಮ್ಮಣ್ಣಿನ ಸಾರಣೆ ಆಯಿತು. ಬಾಣ ಮೂಲೆಗೆ ಹೋಗಿ ಅಂಟಿಕೊಂಡಿತು, ಕೂತಲ್ಲೇ ಕುಣಿಯಿತು, ಯಾರೂ ಮುಟ್ಟದೆಯೇ ಗುಂಡಿ ಒತ್ತಿತು. ಒಂದು ಲಾರಿಯ ತೂಕ ಇನ್ನೊಂದು ಲಾರಿಯ ಹೆಸರಿಗೆ ಬಿತ್ತು. ಗೇಟಿನಲ್ಲಿ ಜಗಳ ಹತ್ತಿತು.

ನನ್ನನ್ನು ಕರೆಸಿದರು. ನಾನು ಹೋಗುವ ಹೊತ್ತಿಗೆ ಚಿಗವ್ವ ಹೊಸ ಸೀರೆಯ ಸೆರಗಿನಿಂದಲೇ ಟಚ್‌ಪ್ಯಾಡು ಒರೆಸುತ್ತಿದ್ದಳು. ಸೂಪರ್‌ವೈಸರ್ ಅವಳ ಕಡೆ ನೋಡದೆ ನನಗೆ ಹೇಳಿದ.

“ನೋಡ್ರಿ, ನಿಮ್ಮ ಚಿಗವ್ವ ಅಂತ ಸುಮ್ನಿದ್ದೀನಿ. ಅಮಾಸಿ ತನಕ ನೋಡ್ತೀನಿ. ಅಮಾಸಿ ಮರುದಿನ ಲಾರಿ ಹೊರಡೂ ಹೊತ್ತಿಗೆ ಈಕಿ ಕೈಯಾಗ ಕಾಟಾ ನಡೀಲಿಲ್ಲಂದ್ರ ಬ್ಯಾರೇದವರನ್ನ ಕುಂದ್ರಸಾವ.”

ಅಮಾವಾಸ್ಯೆಯ ದಿನ ಲಾರಿಗಳು ಓಡುತ್ತಿರಲಿಲ್ಲ. ಮುಂದಿನ ಗಾಲಿಗೆ ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ ನಿಲ್ಲಿಸುತ್ತಿದ್ದರು. ಅದಕ್ಕೆ ಇನ್ನು ಹತ್ತು ಹನ್ನೆರಡು ದಿನ ಇತ್ತು. ಅಷ್ಟರವರೆಗೆ ಹಳೆಯ ಕಂಪ್ಯೂಟರು, ಮೌಸು ಇಟ್ಟುಕೊಂಡು ಸೂಪರ್‌ವೈಸರನೇ ತೂಕ ನೋಡಿಕೊಂಡ, ಚಿಗವ್ವ ಮತ್ತೆ ಬಯಲಿನಲ್ಲಿ ಸುತ್ತಿಗೆ ಹಿಡಿದಳು. ನಾನು ಲ್ಯಾಪ್‌ಟಾಪು ಎತ್ತಿಕೊಂಡು ಹೊರಟಾಗ ಅವಳ ಕೆಮ್ಮು ಗೇಟಿನವರೆಗೂ ಕೇಳುತ್ತಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು, ಆಮೇಲೆ ಎಂದಿನಂತೆ ಸುಸ್ತು ಬಂತು.

ಅಂಗಡಿಯಲ್ಲಿ ಕೂತು ಟಚ್‌ಪ್ಯಾಡು ಒಳಗೊಳಗೇ ಏನು ಹೇಳುತ್ತಿದೆ ಎಂದು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿದೆ. ಬೆರಳು ಎಲ್ಲಿದೆ ಎನ್ನುವುದರ ಜೊತೆಗೆ ಎಷ್ಟು ಗಟ್ಟಿಯಾಗಿ ತಾಗಿದೆ ಎಂಬುದಕ್ಕೂ ಅದು ಒಂದು ಅಂಕಿ ಕೊಡುತ್ತದೆ. ಅಂಕಿ ಒಂದು ಮಿತಿಗಿಂತ ಕಡಿಮೆ ಇದ್ದರೆ, ಅದು ಬೆರಳಲ್ಲ, ಸೆರಗೋ ನೊಣವೋ ಇರಬೇಕು ಎಂದು ಬಿಟ್ಟುಬಿಡುವುದು ಡ್ರೈವರ್. ಡ್ರೈವರ್ ಎಂದರೆ ಟಚ್‌ಪ್ಯಾಡಿನ ಮಾತನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವ ತುಣುಕು ಪ್ರೋಗ್ರಾಂ. ಇದನ್ನು ಸೂಪರ್‌ವೈಸರನಿಗೆ ವಿವರಿಸಿದಾಗ ಆತ, “ಡ್ರೈವರ್ ಸರಿ ಇಲ್ಲಂದ್ರ ಬದಲಾಯಿಸ್ರಲಾ, ನಾವಿಲ್ಲಿ ದಿನಾ ಬದಲಾಯಿಸ್ತೀವಿ” ಎಂದಿದ್ದ.

ಆ ರವಿವಾರವೇ ಚಿಗವ್ವನನ್ನು ಅಂಗಡಿಗೆ ಕರೆಸಿ ಬೆರಳು ಇಡಿಸಿದೆ. ನನ್ನ ಬೆರಳಿಗೆ ಬರುತ್ತಿದ್ದ ಅಂಕಿಯ ಅರ್ಧವೂ ಬರಲಿಲ್ಲ. ವರ್ಷಗಟ್ಟಲೆ ಅದಿರು ಒಡೆದ ಬೆರಳು. ತುದಿಯ ಚರ್ಮ ಒಣಗಿ, ದಡ್ಡುಗಟ್ಟಿ, ಒಳಗಿನ ಹಸಿ ಮೇಲಕ್ಕೆ ಬರುತ್ತಿರಲಿಲ್ಲ. ಟಚ್‌ಪ್ಯಾಡಿಗೆ ಬೇಕಾದದ್ದು ಆ ಹಸಿಯೇ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೆ ಅವಳ ಗುರುತೇ ಸಿಕ್ಕಿರಲಿಲ್ಲ. ಅವಳು ಬೆರಳಿಟ್ಟು ಕಾಯುತ್ತಿದ್ದಾಗ ಡ್ರೈವರ್ ಅಲ್ಲಿ ಯಾರೂ ಇಲ್ಲ ಎಂದು ಹೇಳುತ್ತಿತ್ತು.

ಲಿನಕ್ಸಿನ ಒಂದು ಸುಖವೆಂದರೆ ಎಲ್ಲವೂ ತೆರೆದಿಟ್ಟಿರುತ್ತದೆ. ಡ್ರೈವರನ್ನು ಬರೆದದ್ದು ಯಾರೇ ಇರಲಿ, ಅವರು ಬರೆದದ್ದನ್ನು ನಾವು ಓದಬಹುದು, ತಿದ್ದಬಹುದು. ಕಷ್ಟವೂ ಅದೇ. ಅದು ನನ್ನ ಕೈಲಿಲ್ಲ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಕೂತು ಓದಿದೆ. ಎರಡು ದಿನ ಅದರಲ್ಲೇ ಹೋಯಿತು. ನಡುನಡುವೆ ಗಿರಾಕಿಗಳು ಬಂದು ‘ನಮ್ದು ಆತೇನ್ರಿ’ ಎಂದು ಕೇಳಿ ಮುಖ ಸಿಂಡರಿಸಿಕೊಂಡು ಹೋದರು. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರೆ. ಆ ವಾರ ನಾನು ಮನೆಗೆ ಉಪಕಾರಿಯಾಗಿ ಊರಿಗೆ ಮಾರಿಯಾದೆ.

ಕೊನೆಗೆ ತಪ್ಪು ಸಿಕ್ಕಿತು. ನಮ್ಮ ಲ್ಯಾಪ್‌ಟಾಪಿನಲ್ಲಿದ್ದದ್ದು ಟಚ್‌ಪ್ಯಾಡಿನ ಹೊಸ ಮಾದರಿ. ಡ್ರೈವರ್ ಅದನ್ನು ಹಳೆಯ ಮಾದರಿಯೆಂದೇ ತಿಳಿದು ಒತ್ತಡದ ಅಂಕಿಯನ್ನು ಅರ್ಧಕ್ಕೆ ಇಳಿಸಿ ಓದುತ್ತಿತ್ತು. ಸೇರಿನಲ್ಲಿ ಅಳೆದುಕೊಟ್ಟದ್ದನ್ನು ಅಚ್ಚೇರು ಎಂದು ಬರೆದುಕೊಂಡ ಹಾಗೆ. ನನ್ನಂಥ ಮೆತ್ತನೆಯ ಬೆರಳಿಗೆ ಅರ್ಧವಾದರೂ ಮಿತಿ ದಾಟುತ್ತಿತ್ತು, ಹಾಗಾಗಿ ಯಾರಿಗೂ ತಪ್ಪು ಕಂಡಿರಲಿಲ್ಲ. ಮೊದಲೇ ಕಡಿಮೆ ಇದ್ದ ಚಿಗವ್ವನ ಅಂಕಿ ಅರ್ಧವಾದ ಮೇಲೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ತಿದ್ದುಪಡಿ ಎರಡು ಮೂರು ಸಾಲಿನದು. ಅದನ್ನು ಆ ಡ್ರೈವರ್ ನೋಡಿಕೊಳ್ಳುವವರ ಮೇಲಿಂಗ್ ಲಿಸ್ಟಿಗೆ, ಎಂದರೆ ಅವರೆಲ್ಲರಿಗೂ ಒಟ್ಟಿಗೆ ತಲುಪುವ ಈಮೇಲ್ ವಿಳಾಸಕ್ಕೆ, ಕಳಿಸಿದೆ. ನನ್ನ ಯಂತ್ರದಲ್ಲಷ್ಟೇ ತಿದ್ದಿಕೊಂಡರೆ ಪ್ರತಿ ಸಲ ಸಿಸ್ಟಂ ಹೊಸದಾದಾಗಲೂ ನನ್ನ ತಿದ್ದುಪಡಿ ಅಳಿಸಿಹೋಗಿ, ಮತ್ತೆ ನಾನು ಆ ಬಸ್ಸು ಹತ್ತಬೇಕಾಗುತ್ತಿತ್ತು. ಪರೋಪಕಾರದ ಮಾತು ಆಮೇಲಿನದು, ಮೊದಲಿಗೆ ಇದ್ದದ್ದು ಆ ಬಸ್ಸಿನ ಭಯ.

ಉತ್ತರ ಬಂತು. ಎಲ್ಲೋ ದೂರ ದೇಶದವರು, ಮರ್ಯಾದೆಯಿಂದಲೇ ಬರೆದಿದ್ದರು. ನಮ್ಮಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿದೆ, ಅಂಕಿ ಹೆಚ್ಚಿಸಿದರೆ ಟೈಪು ಮಾಡುವಾಗ ಅಂಗೈ ತಾಗಿ ಬಾಣ ಹಾರಬಹುದು, ಒಬ್ಬರ ಬೆರಳನ್ನು ನಂಬಿ ಎಲ್ಲರದ್ದನ್ನು ಬದಲಾಯಿಸಲಾಗದು, ಇನ್ನಷ್ಟು ಜನರ ಅಳತೆ ಕಳಿಸಿ. ಓದಿ ಮೈಯೆಲ್ಲ ಉರಿಯಿತು. ಇವರ ಊರಲ್ಲಿ ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಕೂತಿರುತ್ತಾರೋ ಏನೋ ಎಂದು ಬೈದುಕೊಂಡೆ. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಿತಿಯನ್ನು ಎಲ್ಲಿಡಬೇಕು ಎಂಬುದು ನನಗೂ ಗೊತ್ತಿರಲಿಲ್ಲ.

ಹೀಗೆ ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ದಡ್ಡುಗಟ್ಟಿದ ಬೆರಳು ಹುಡುಕುತ್ತಾ ಹೊರಟೆ. ಮೊದಲು ಹಂಪಿಗೆ ಹೋದೆ. ಅಲ್ಲಿನ ಜನ ಯಾವ ಯಂತ್ರಕ್ಕೂ ಹೆದರುವವರಲ್ಲ, ದಿನವೂ ಪ್ರವಾಸಿಗರ ಕ್ಯಾಮೆರಾ ನೋಡಿದವರು. ಆದರೆ ಬಾಳೆತೋಟದವರ ಬೆರಳಲ್ಲಿ ಬಾಳೆಯ ಕರೆ ಅಂಟಿ, ಬಾಣ ಬೇಡ ಬೇಡವೆಂದರೂ ಓಡಿತು. ಹರಿಗೋಲು ಹಾಕುವವನ ಕೈಯಾದರೂ ಗಟ್ಟಿ ಇರುತ್ತದೆಂದು ಹೊಳೆಗೆ ಇಳಿದರೆ, ಅವನಿಗೆ ಅಂಗೈ ಮಾತ್ರ ಕಲ್ಲು, ಬೆರಳ ತುದಿ ನನ್ನದಕ್ಕಿಂತ ಮೆತ್ತಗೆ.

“ಏನ್ ನೋಡಾಕತ್ತೀರಿ, ಹಸ್ತರೇಖೆನಾ? ಲಗ್ನ ಯಾವಾಗ ಐತಿ ಹೇಳ್ರಿ ಮತ್ತ” ಎಂದ. ಒಂದು ಇಡೀ ದಿನ ಹಾಳಾಯಿತು.

ಪ್ಲಾಟಿನಲ್ಲೇ ಇತರ ಹೆಂಗಸರಿದ್ದರಲ್ಲ ಎಂದರೆ, ಕೆಲಸದ ಹೊತ್ತಿನಲ್ಲಿ ಅವರನ್ನು ಮಾತಾಡಿಸಲು ಸೂಪರ್‌ವೈಸರ್ ಬಿಡುತ್ತಿರಲಿಲ್ಲ. ಚಿಗವ್ವನೇ ದಾರಿ ಹೇಳಿದಳು.

“ಕಂಪ್ಲಿಗೆ ಹೋಗೂಣು ನಡಿ. ಕಬ್ಬು ಕಡಿಯೋರು, ಭತ್ತ ಒಕ್ಕೋರು, ನಮ್ಮ ಓಣಿ ತುಂಬ ಅಂಥಾ ಕೈನಾ ಅದಾವ.”

ಒಂದು ದಿನದ ಕೂಲಿ ಬಿಟ್ಟು ನನ್ನ ಜೊತೆ ಬಂದಳು. ಅವಳ ತವರಿನ ಓಣಿಯಲ್ಲಿ ಬೇವಿನ ಮರದ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟೆ. ಹತ್ತು ನಿಮಿಷದಲ್ಲಿ ಹೆಂಗಸರು ನೆರೆದರು. ಚಿಗವ್ವ ಒಳಗೆ ಯಾರ ಮನೆಯಲ್ಲೋ ನೀರು ಕುಡಿಯಲು ಹೋಗಿದ್ದಳು, ನನ್ನ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ನಾನು ದೊಡ್ಡ ಸಾಹೇಬನ ಹಾಗೆ, “ಒಬ್ಬೊಬ್ಬರಾಗಿ ಬಂದು ಇದರ ಮ್ಯಾಲ ಬೆರಳು ಇಡ್ರಿ” ಎಂದೆ.

ಅಷ್ಟೇ. ಅಲ್ಲಿದ್ದ ಕೈಗಳೆಲ್ಲ ಒಂದೇ ಸಲಕ್ಕೆ ಸೆರಗಿನ ಒಳಗೆ ಹೋದವು.

ಮುಂದೆ ನಿಂತಿದ್ದ ಒಬ್ಬ ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಯಾವ ಗಣಿಯಾಂವಪ್ಪಾ ನೀನು? ಮೊದ್ಲ ಕಾಗದಕ್ಕ ಒತ್ತಿಸ್ಕೊಂತಿದ್ರಿ, ಈಗ ಕಂಪ್ಯೂಟರಿಗೆ ಒತ್ತಿಸ್ಕೊಳ್ಳಾಕ ಬಂದ್ರೇನು? ನಾ ಹೆಬ್ಬಟ್ಟು ಹಾಕಂಗಿಲ್ಲ. ನನ್ನ ಹೆಬ್ಬಟ್ಟು ಸತ್ತು ಭಾಳ ದಿನ ಆತು.”

ನಾನು ಏನೇನೋ ಹೇಳಿದೆ. ಹೇಳಿದಷ್ಟೂ ನನ್ನ ಮಾತು ಗಣಿಯವರ ಮಾತಿನ ಹಾಗೇ ಕೇಳಿಸಿತು. ‘ನಿಮಗೇನೂ ಆಗುವುದಿಲ್ಲ’, ‘ಸುಮ್ಮನೆ ಒಂದು ಸಲ’, ‘ನಾವೂ ನಿಮ್ಮವರೇ’. ಚಿಗವ್ವನ ಗಂಡನಿಗೂ ಬಹುಶಃ ಇದನ್ನೇ ಹೇಳಿರಬೇಕು. ನನಗೆ ನಾಚಿಕೆಯಾಯಿತು. ಲ್ಯಾಪ್‌ಟಾಪು ಮುಚ್ಚಿ ಊರಿಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಚಿಗವ್ವ ಬಂದಳು. ನಡೆದದ್ದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ, ಸೆರಗುಗಳನ್ನು ನೋಡಿಯೇ ತಿಳಿಯಿತು. ಕಟ್ಟೆಯ ಮೇಲೆ ಕೂತು, ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಎಲ್ಲರಿಗೂ ತೋರಿಸಿದಳು.

“ಹೆಬ್ಬಟ್ಟು ಯಾರೂ ಕೊಡಬ್ಯಾಡ್ರಿ. ನಾನೂ ಕೊಡಂಗಿಲ್ಲ. ನನಗ ಹೊಲ ಹೋದದ್ದು ಮರ್ತಿಲ್ಲ. ತೋರಬಟ್ಟು ಇಡ್ರಿ. ತೋರಬಟ್ಟಿಗೆ ಇಲ್ಲೀತನ ಯಾರೂ ಯಾರ ಹೊಲನೂ ಬರಸ್ಕೊಂಡಿಲ್ಲ.” ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಈ ಮಿಷನ್ನು ನಮ್ಮಂಥೋರ ಬಟ್ಟು ಗುರುತು ಹಿಡಿಯವಲ್ದವ್ವಾ. ಕಲಸಬೇಕಾಗೇತಿ. ಕಲ್ತರ ನನಗ ನೆರಳಾಗ ಕುಂದ್ರಾಕ ಸಿಗತೈತಿ” ಎಂದಳು.

ಮುದುಕಿ ಕಟ್ಟೆಯ ಹತ್ತಿರ ಬಂದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಭದ್ರವಾಗಿ ಮುಚ್ಚಿಕೊಂಡು, ತೋರುಬೆರಳೊಂದನ್ನೇ ಚಾಚಿ, ಬಿಸಿ ಹೆಂಚು ಮುಟ್ಟುವ ಹಾಗೆ ಟಚ್‌ಪ್ಯಾಡಿನ ಮೇಲೆ ಇಟ್ಟಳು. ಅಂಕಿ ಚಿಗವ್ವನದಕ್ಕಿಂತಲೂ ಕಡಿಮೆ ಬಂತು. ಅವಳ ಹಿಂದೆ ಉಳಿದವರೂ ಹಾಗೆಯೇ ಮುಷ್ಟಿ ಕಟ್ಟಿಕೊಂಡು ಸಾಲು ನಿಂತರು. ಸಂಜೆಯ ಬಸ್ಸಿನ ಹೊತ್ತಿಗೆ ನನಗೆ ಬೇಕಾದದ್ದಕ್ಕಿಂತ ಹೆಚ್ಚು ಬೆರಳು ಸಿಕ್ಕಿದ್ದವು.

ಅಳತೆಗಳನ್ನು ಲಿಸ್ಟಿಗೆ ಕಳಿಸಿದೆ. ಇವರೆಲ್ಲ ಕೈಯಿಂದ ದುಡಿಯುವವರು, ಇಂಥ ಕೈಗಳು ನಿಮ್ಮ ಊರಲ್ಲೂ ಇರಬಹುದು, ಕಂಪ್ಯೂಟರ್ ಮುಟ್ಟಿರಲಿಕ್ಕಿಲ್ಲ ಅಷ್ಟೇ ಎಂದು ಸ್ವಲ್ಪ ಖಾರವಾಗಿಯೇ ಬರೆದೆ. ಈ ಸಲದ ಉತ್ತರದಲ್ಲಿ ವಾದ ಇರಲಿಲ್ಲ. ಮಾದರಿಯ ತಪ್ಪನ್ನು ಸರಿಪಡಿಸಿ ಸೇರಿಸಿಕೊಳ್ಳುತ್ತೇವೆ, ಮಿತಿಯನ್ನು ಇನ್ನೂ ಇಳಿಸಬೇಕೆಂದರೆ ಅವರವರ ಯಂತ್ರದಲ್ಲಿ ಇಳಿಸಿಕೊಳ್ಳಲು ಅನುಕೂಲ ಮಾಡೋಣ ಎಂದರು. ತಿದ್ದುಪಡಿಯ ಕೆಳಗೆ ಅದನ್ನು ಯಾರು ಪರೀಕ್ಷಿಸಿದರು ಎಂದು ಬರೆಯುವ ಸಾಲಿಗೆ ಒಂದು ಹೆಸರು ಕೇಳಿದರು. ಚಿಗವ್ವನ ಹೆಸರು ಕೊಟ್ಟೆ. ಇನ್ನು ಮುಂದೆ ಆ ಡ್ರೈವರ್ ಹೋದಲ್ಲೆಲ್ಲ ನಿನ್ನ ಹೆಸರೂ ಹೋಗುತ್ತದೆ ಎಂದು ಅವಳಿಗೆ ದೊಡ್ಡದಾಗಿ ಹೇಳಿದೆ.

“ಅಲ್ಲೆಲ್ಲಾ ಧೂಳಿಲ್ಲೇನು?” ಎಂದು ಕೇಳಿದಳು. ಇಲ್ಲವೆಂದೆ. “ಪುಣ್ಯವಂತರು” ಎಂದಳು.

ಅವರ ಹೊಸ ಆವೃತ್ತಿ ಬರಲು ತಿಂಗಳುಗಳು ಬೇಕು, ನಮಗೆ ಇದ್ದದ್ದು ಅಮಾವಾಸ್ಯೆಯ ಗಡುವು. ತಿದ್ದಿದ ಡ್ರೈವರನ್ನು ನಾನೇ ಕಂಪೈಲ್ ಮಾಡಬೇಕಿತ್ತು, ಎಂದರೆ ಬರೆದದ್ದನ್ನು ಯಂತ್ರಕ್ಕೆ ಅರಗುವ ಹಾಗೆ ಅರೆಯಬೇಕಿತ್ತು. ಆ ಹಳೆಯ ಲ್ಯಾಪ್‌ಟಾಪಿಗೆ ಬೆಳಗಿನಿಂದ ಮಧ್ಯಾಹ್ನದವರೆಗಿನ ಕೆಲಸ ಅದು. ಕರೆಂಟು ಹೋಯಿತು, ಬ್ಯಾಟರಿ ಸತ್ತಿತು, ಮೊದಲಿಂದ ಶುರುಮಾಡಿದೆ. ಮತ್ತೆ ಹೋಯಿತು. ಮೂರನೆಯ ಸಲ ಪಕ್ಕದ ಝೆರಾಕ್ಸ್ ಅಂಗಡಿಯವರ ಜನರೇಟರಿನಿಂದ ವೈರು ಎಳೆದು, ಆ ಸದ್ದಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಮುಗಿದಾಗ ಖುಷಿಪಡುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ. ಮಿತಿಯನ್ನು ಕಂಪ್ಲಿಯ ಮುದುಕಿಯ ಬೆರಳಿನ ಮಟ್ಟಕ್ಕೆ ಇಳಿಸಿ ಲ್ಯಾಪ್‌ಟಾಪು ಮುಚ್ಚಿದೆ.

ಅಮಾವಾಸ್ಯೆಯ ಮರುದಿನ ಗೇಟಿನ ಮುಂದೆ ಲಾರಿಗಳು ನಿಂಬೆಹಣ್ಣು ಕಟ್ಟಿಕೊಂಡು ನಿಂತಿದ್ದವು. ಚಿಗವ್ವ ಕ್ಯಾಬಿನ್ನಿನಲ್ಲಿ ಕೂತಳು. ಸೂಪರ್‌ವೈಸರ್ ಬಾಗಿಲಿಗೆ ಒರಗಿ ನಿಂತ. ಮೊದಲ ಲಾರಿ ಕಟ್ಟೆ ಏರಿತು, ಮೇಜು ನಡುಗಿತು, ಪರದೆಯ ಮೇಲೆ ತೂಕ ಬಂದು ನಿಂತಿತು. ಅವಳು ತೋರುಬೆರಳು ಇಟ್ಟಳು. ಬಾಣ ಎದ್ದಿತು. ಮೆಲ್ಲಗೆ, ಸ್ವಲ್ಪ ಅಂಕುಡೊಂಕಾಗಿ, ಪಟ್ಟಿಯ ಮೇಲೆ ಇಳಿದು ನಂಬರು ಹುಡುಕಿ, ಗುಂಡಿಯ ಮೇಲೆ ಬಂದು ನಿಂತಿತು. ಅವಳು ತಟ್ಟಿದಳು. ಚೀಟಿ ಬಂತು. ಸೂಪರ್‌ವೈಸರ್ ಅದನ್ನು ಹರಿದುಕೊಂಡು ಓದಿ, ಲಾರಿಯವನ ಕೈಗೆ ಕೊಟ್ಟು, ಎರಡನೆಯ ಲಾರಿಗೆ ಬರಲು ಕೈಮಾಡಿದ. ಚಿಗವ್ವನ ಹಣೆಯ ಮೇಲೆ ಬೆವರು ಇತ್ತು. ಫ್ಯಾನು ತಿರುಗುತ್ತಲೇ ಇತ್ತು. ನಾನು ಹೊರಗೆ ಬಂದು ಚಹಾ ಕುಡಿದೆ. ಅದರಲ್ಲೂ ಧೂಳು ಇತ್ತು.

ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಪ್ಲಾಟಿನಿಂದ ಫೋನು ಬಂತು. ಚಿಗವ್ವನೇ ಮಾತಾಡಿದಳು.

“ಲೇ ತಮ್ಮಾ, ನಿನ್ನ ಬಾಣಕ್ಕ ಹುಚ್ಚು ಹಿಡದೈತಿ. ಮುಟ್ಟೂಕಿಂತ ಮೊದ್ಲಾ ಓಡತೈತಿ. ಬಂದು ನೋಡು.”

ಮತ್ತೆ ಆ ಬಸ್ಸು, ಮತ್ತೆ ಆ ಲಾರಿಗಳ ಸಾಲು. ಮುಗಿಯಿತು ಅಂದುಕೊಂಡದ್ದು ಎಂದಿಗೂ ಮುಗಿಯುವುದಿಲ್ಲ ಎಂದುಕೊಳ್ಳುತ್ತಾ ಹೋದೆ. ಹೋದವನು ಮೊದಲು ಬ್ರಷ್ಷು ತೆಗೆದು ಟಚ್‌ಪ್ಯಾಡಿನ ಅಂಚನ್ನೆಲ್ಲ ಉಜ್ಜಿದೆ. ಏನೂ ಬದಲಾಗಲಿಲ್ಲ. ಅವಳು ಕೈ ಹತ್ತಿರ ತಂದರೆ ಸಾಕು, ಅಂಗೈಯ ಅಂಚು ಸ್ವಲ್ಪ ಸೋಕಿದರೂ ಬಾಣ ಹಾರುತ್ತಿತ್ತು. ಹಳೆಯ ಅಂಕಿ ತೋರಿಸುವ ಪ್ರೋಗ್ರಾಂ ತೆರೆದು, ಬೆರಳಿಡು ಎಂದೆ. ಇಟ್ಟಳು. ಬಂದ ಅಂಕಿ ನೋಡಿ ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ಪಕ್ಕದಲ್ಲಿ ನನ್ನ ಬೆರಳು ಇಟ್ಟು ನೋಡಿದೆ. ನನ್ನದು ಯಾವಾಗಿನಷ್ಟೇ ಇತ್ತು. ಅವಳದು ಅದಕ್ಕಿಂತ ಹೆಚ್ಚು.

ಆಗ ಅವಳ ಕೈ ಹಿಡಿದುಕೊಂಡೆ. ಹಾಗೆ ಹಿಡಿದು ಎಷ್ಟೋ ವರ್ಷಗಳಾಗಿದ್ದವು. ದಡ್ಡು ಪೂರ್ತಿ ಉದುರಿ ಕೆಳಗಿನ ಎಳೆಯ ಚರ್ಮ ಬಂದಿತ್ತು. ಗೆರೆಗಳಲ್ಲಿ ಕೂತಿದ್ದ ಕೆಂಪು ಹೋಗಿತ್ತು. ಉಗುರಿನ ಬುಡದಲ್ಲಿ ಬೆಳ್ಳಗಿನ ಅರ್ಧಚಂದ್ರ ಕಾಣುತ್ತಿತ್ತು.

“ಚಿಗವ್ವಾ, ಅದಕ್ಕೇನೂ ಆಗಿಲ್ಲ. ನಿನ್ನ ಬೆರಳು ಮೆತ್ತಗಾಗ್ಯಾವ” ಎಂದೆ.

ಅವಳು ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು. “ಕುಂತು ತಿಂದ್ರ ಹಿಂಗಾ ಆಕೈತಿ ನೋಡು” ಎಂದು ನಕ್ಕಳು. ಬಹಳ ಹೊತ್ತು ನಕ್ಕಳು, ನಡುವೆ ಕೆಮ್ಮು ಬರಲಿಲ್ಲ.

ನಾನು ಸೆಟ್ಟಿಂಗಿನ ಫೈಲು ತೆರೆದೆ. ಮಿತಿಯನ್ನು ಮೇಲೇರಿಸಿ ಅವಳ ಹೊಸ ಬೆರಳಿಗೆ ಸರಿಮಾಡುವುದು ಒಂದು ನಿಮಿಷದ ಕೆಲಸ. ಅಂಕಿ ಅಳಿಸುವಷ್ಟರಲ್ಲಿ ಅವಳು ನನ್ನ ಕೈಮೇಲೆ ಕೈಯಿಟ್ಟು ತಡೆದಳು.

“ಏನ್ ಮಾಡಾಕತ್ತಿ?”

“ಏರಸ್ತೀನಿ. ಏರಸಿದ್ರ ಓಡಂಗಿಲ್ಲ.”

“ಏರಸಿದ್ರ ಕಲ್ಲಂಥ ಬಟ್ಟು ಮತ್ತ ಗುರುತು ಹತ್ತಂಗಿಲ್ಲಲಾ? ಬ್ಯಾಡ. ಇವತ್ತಿನಿಂದ ಮಧ್ಯಾಹ್ನದ ಪಾಳಿಗೆ ಒಬ್ಬಾಕಿ ಬರ್ತಾಳ. ನನ್ನ ಜೋಡಿ ಬಯಲಾಗ ಕಲ್ಲು ಒಡದಾಕಿ. ಸಾಹೇಬ್ರಿಗೆ ನಾನಾ ಹೇಳೀನಿ. ಆಕಿಗೆ ಹೆಂಗ ಬೇಕೋ ಹಂಗ ಇರ್ಲಿ. ನಾನು ಕೈ ಎತ್ತಿ ಹಿಡಕೊಂತೀನಿ.”

ಅಷ್ಟರಲ್ಲಿ ಲಾರಿಯೊಂದು ಕಟ್ಟೆ ಏರಿತು. ಚಿಗವ್ವ ಮಣಿಕಟ್ಟನ್ನು ಬಿಸಿ ಹೆಂಚಿನ ಮೇಲೆ ಹಿಡಿದ ಹಾಗೆ ಮೇಲಕ್ಕೆತ್ತಿ, ಬೆರಳ ತುದಿಯೊಂದನ್ನೇ ಇಳಿಸಿ, ನಂಬರು ಆರಿಸಿ ಚೀಟಿ ತೆಗೆದಳು. ಇಡೀ ಪಾಳಿ ಹಾಗೆ ಕೈ ಎತ್ತಿಕೊಂಡೇ ಕೂರಬೇಕಲ್ಲ, ತೋಳು ನೋಯುವುದಿಲ್ಲವೇ ಎಂದು ಕೇಳಬೇಕೆನಿಸಿತು. ಸುತ್ತಿಗೆ ಎತ್ತಿದ ತೋಳಿಗೆ ಅದನ್ನು ಕೇಳುವುದಾದರೂ ಹೇಗೆ? ಫೈಲನ್ನು ಇದ್ದ ಹಾಗೇ ಮುಚ್ಚಿ ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡೆ.

ಕಿಟಕಿಯಾಚೆ, ನೀರಿನ ಡ್ರಮ್ಮಿನ ಬಳಿ, ಮೈಯೆಲ್ಲ ಕೆಂಪಾದ ಒಬ್ಬ ಹೆಂಗಸು ಕೈ ತೊಳೆದುಕೊಳ್ಳುತ್ತಿದ್ದಳು. ಎಷ್ಟು ತೊಳೆದರೂ ಕೆಂಪು ನೀರೇ ಇಳಿಯುತ್ತಿತ್ತು. ಚಿಗವ್ವ ಗಾಜಿನ ಮೇಲೆ ಬೆರಳಿನಿಂದ ತಟ್ಟಿ ಅವಳನ್ನು ಕರೆದಳು.

“ಛಲೋತ್ನಂಗ ಒರಸ್ಕೊಂಡು ಬಾರವ್ವಾ. ಹಸಿ ಕೈಲೆ ಮುಟ್ಟಬ್ಯಾಡ. ಒಣಾ ಬೆರಳನ್ನಾ ಗುರುತು ಹಿಡೀತೈತಿ ಅದು.”